ಹಿತ್ತಾಳೆಗಿಂತ ಎರಡು ಗೇಣು ದಾರ ಮೇಲು

ಸಾಂಪ್ರದಾಯಿಕ ಬಿಲ್ಲುಗಾರಿಕೆಗೆ ಕೈಹಾಕಿದವರು ನಾಲ್ಕು ಜನ ಸೇರಿದರೆ ಮಾತೆಲ್ಲ ಬಿಲ್ಲಿನದೇ. ಯಾವ ಮರ, ಎಷ್ಟು ಪೌಂಡ್ ಸೆಳೆತ, ಲಾಂಗ್‌ಬೋ ಮೇಲೋ ರಿಕರ್ವ್ ಮೇಲೋ ಎಂದು ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಹೆದೆಯ ಮಾತು ಬರುವುದು ಅದು ಹರಿದ ಮೇಲೆ. ಬಾಣದ ಕಚ್ಚು ಹೆದೆಯ ಮೇಲೆ ಎಲ್ಲಿ ಕೂರಬೇಕೆಂದು ಗುರುತಿಸುವ ಪುಟ್ಟ ಗಂಟು, ಅಂದರೆ ನಾಕಿಂಗ್ ಪಾಯಿಂಟ್, ಮಾತಿಗೆ ಬರುವುದೇ ಅಪರೂಪ. ಒಳಗೆ ರಬ್ಬರ್ ಪದರವಿರುವ ಹಿತ್ತಾಳೆಯ ತುಣುಕೊಂದನ್ನು ಅಂಗಡಿಯಿಂದ ತಂದು ಇಕ್ಕಳದಲ್ಲಿ ಒತ್ತಿದರೆ ಕೆಲಸ ಮುಗಿಯಿತೆಂಬ ನಂಬಿಕೆ ಬಲವಾಗಿದೆ. ಈ ನಂಬಿಕೆಯನ್ನೇ ಈ ವಾರ ಪ್ರಶ್ನಿಸಬೇಕೆನಿಸಿದೆ. ಬಿಲ್ಲುಗಾರ ತನ್ನ ಸಲಕರಣೆಗಳಲ್ಲಿ ಭಾರ ಹೊರುವ ಸಾಮಗ್ರಿಯನ್ನು ಒಳ್ಳೆಯ ಕಡೆ ನೋಡಿ ಕೊಳ್ಳಬೇಕು. ಜಾಗವನ್ನು ನಿರ್ಧರಿಸುವ ಸಾಧನವನ್ನು ತಾನೇ ಮಾಡಿಕೊಳ್ಳಬೇಕು. ಇದರಿಂದ ಕಾಸು ಉಳಿಯುವುದು ನಿಜವಾದರೂ ಅದು ಮುಖ್ಯ ಕಾರಣವಲ್ಲ. ಆ ಜಾಗ ಒಂದೇ ಸಲಕ್ಕೆ ಗೊತ್ತಾಗುವಂಥದ್ದಲ್ಲ, ಗೊತ್ತಾದ ಮೇಲೂ ಒಂದೇ ಕಡೆ ನಿಲ್ಲುವಂಥದ್ದಲ್ಲ ಎಂಬುದೇ ನಿಜವಾದ ಕಾರಣ.

ಇಷ್ಟು ಸಣ್ಣ ಗಂಟಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ ಎನ್ನುವವರಿಗಾಗಿ ಒಂದು ಸರಳ ಲೆಕ್ಕ. ಸುಮಾರು 70 ಸೆಂಟಿಮೀಟರ್ ಉದ್ದದ ಬಾಣದ ಹಿಂತುದಿ ಹೆದೆಯ ಮೇಲೆ ಬರೀ 3 ಮಿಲಿಮೀಟರ್ ಮೇಲೋ ಕೆಳಗೋ ಸರಿಯಿತು ಎನ್ನಿ. ಒಳಾಂಗಣ ಸ್ಪರ್ಧೆಯ 18 ಮೀಟರ್ ದೂರದಲ್ಲಿ, ರೇಖಾಗಣಿತದ ಪ್ರಕಾರ, ಆ ವ್ಯತ್ಯಾಸ ಸುಮಾರು 7.7 ಸೆಂಟಿಮೀಟರ್ ಆಗುತ್ತದೆ. ಅಲ್ಲಿ ಬಳಸುವ 40 ಸೆಂಟಿಮೀಟರ್ ಗುರಿಹಾಳೆಯಲ್ಲಿ ಒಂದೊಂದು ಅಂಕದ ಪಟ್ಟಿಯ ಅಗಲ 2 ಸೆಂಟಿಮೀಟರ್. ಹೆಚ್ಚುಕಡಿಮೆ ನಾಲ್ಕು ಪಟ್ಟಿಗಳ ನಷ್ಟ. ಬಾಣ ಹೊರಡುವಾಗ ಬಾಗುತ್ತದೆ, ಗರಿಗಳು ಅದನ್ನು ತಿದ್ದುತ್ತವೆ, ಆದ್ದರಿಂದ ನಿಜವಾದ ಪೆಟ್ಟು ಈ ಲೆಕ್ಕದಂತೆಯೇ ಬೀಳುವುದಿಲ್ಲ. ಆದರೂ 3 ಮಿಲಿಮೀಟರಿನ ತೂಕ ಎಷ್ಟೆಂದು ತಿಳಿಯಲು ಇಷ್ಟು ಸಾಕು. ಇದು ಹೊಸ ಕಾಲದ ಗೀಳೂ ಅಲ್ಲ. 1545ರಲ್ಲಿ ಪ್ರಕಟವಾದ ‘ಟಾಕ್ಸೊಫಿಲಸ್’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ರೋಜರ್ ಆಸ್ಕಮ್, ಬಾಣ ಹೂಡುವುದು ಈ ವಿದ್ಯೆಯಲ್ಲೇ ಸುಲಭದ ಹಂತವೆಂದು ಹೇಳಿ, ಅದರ ಬೆನ್ನಿಗೇ ಹೂಡುವ ಜಾಗ ದಿನಕ್ಕೊಂದು ಆದವನಿಗೆ ದೂರದ ಅಂದಾಜು ಕೈತಪ್ಪುತ್ತದೆ ಎಂದು ಎಚ್ಚರಿಸಿದ್ದಾನೆ. ಸುಲಭವೆಂದು ಕಂಡದ್ದನ್ನೇ ಜನ ಅಸಡ್ಡೆ ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು.

ಹಾಗಿದ್ದರೆ ಸರಿಯಾದ ಜಾಗ ಯಾವುದು? ಬಾಣ ಒರಗುವ ತಾಣದಿಂದ ಹೆದೆಗೆ ಲಂಬ ಎಳೆದು, ಅದಕ್ಕಿಂತ ಅರ್ಧ ಇಂಚಿನಷ್ಟು ಮೇಲೆ ಶುರುಮಾಡಿ ಎಂಬುದು ರೂಢಿಯ ಮಾತು. ಶುರುಮಾಡಿ ಎಂಬಲ್ಲೇ ಅದರ ಮಿತಿಯೂ ಇದೆ. ಮುಂದಿನ ಹಾದಿಯನ್ನು ಗರಿಯಿಲ್ಲದ ಬಾಣ ತೋರಿಸಬೇಕು. ಒಂದೇ ಬಗೆಯ ಬಾಣಗಳಲ್ಲಿ ಕೆಲವಕ್ಕೆ ಗರಿಯಿಟ್ಟು, ಒಂದೆರಡನ್ನು ಬೋಳಾಗಿಟ್ಟು, ಒಂದೇ ಗುರಿಗೆ ಹೊಡೆದು ನೋಡಬೇಕು. ಬೋಳು ಬಾಣ ಮೇಲೆ ನಾಟಿದರೆ ಹೂಡುವ ಜಾಗ ಕೆಳಗಿದೆ ಎಂದರ್ಥ. ಕೆಳಗೆ ನಾಟಿದರೆ ಜಾಗ ಮೇಲಿದೆ. ಇದರಲ್ಲೂ ಒಂದು ಮೋಸವುಂಟು. ಜಾಗ ತೀರಾ ಕೆಳಗಿದ್ದರೆ ಬಾಣದ ಹಿಂಭಾಗ ಬಿಲ್ಲಿನಲ್ಲಿ ಬಾಣ ಒರಗುವ ತಾಣಕ್ಕೆ ಬಡಿದು ಮೇಲಕ್ಕೆ ಪುಟಿಯುತ್ತದೆ, ಆಗ ಜಾಗ ಮೇಲಿದ್ದಾಗಿನ ಲಕ್ಷಣಗಳೇ ಕಾಣುತ್ತವೆ. ಅದಕ್ಕಾಗಿಯೇ ತುಸು ಮೇಲಿನಿಂದ ಆರಂಭಿಸಿ ಕೂದಲೆಳೆಯಷ್ಟೇ ಕೆಳಗಿಳಿಸುತ್ತಾ ಬರುವುದು ಕ್ಷೇಮ. ಇಷ್ಟೆಲ್ಲ ಮಾಡಿ ಕಂಡುಕೊಂಡ ಜಾಗವೂ ಶಾಶ್ವತವಲ್ಲ. ಡಕ್ರಾನ್ ಎಂಬ ಪಾಲಿಯೆಸ್ಟರ್ ನಾರಿನ ಹೊಸ ಹೆದೆ ಮೊದಲ ದಿನಗಳಲ್ಲಿ ಜಗ್ಗಿ ಉದ್ದವಾಗುತ್ತದೆ. ಬಿಲ್ಲಿನ ಹಿಡಿಗೂ ಹೆದೆಗೂ ನಡುವಿನ ಅಂತರ ಕಾಯಲು ನಾವು ಹೆದೆಗೆ ಹುರಿ ಹೆಚ್ಚಿಸುತ್ತೇವೆ. ಗುರುತು ಅದರೊಡನೆ ಸರಿಯುತ್ತದೆ. ಬಾಣ ಬದಲಾದರೆ, ಎರಡು ಬೆರಳು ಕೆಳಗಿಟ್ಟು ಸೆಳೆಯುವವನು ಮೂರನ್ನೂ ಬಾಣದ ಕೆಳಗಿಡತೊಡಗಿದರೆ, ಮತ್ತೆ ಹುಡುಕಾಟ ಶುರು.

ಹೀಗೆ ಕೂದಲೆಳೆಯ ಲೆಕ್ಕದಲ್ಲಿ ಸರಿಸಬೇಕಾದ ಗುರುತನ್ನು ಲೋಹದಲ್ಲಿ ಒತ್ತಿ ಕೂರಿಸುವುದು ಎಷ್ಟರಮಟ್ಟಿಗೆ ಸರಿ? ಹಿತ್ತಾಳೆಯ ತುಣುಕನ್ನು ಸರಿಸಲು ಇಕ್ಕಳದಿಂದ ಬಿಡಿಸಬೇಕು, ಬಿಡಿಸುವಾಗ ಕೆಳಗಿನ ದಾರದ ಸುತ್ತು ಗಾಯವಾಗುವ ಅಪಾಯವಿದೆ, ಒಮ್ಮೆ ತೆರೆದ ತುಣುಕು ಮತ್ತೆ ಮೊದಲಿನ ಬಿಗಿಯಲ್ಲಿ ಕೂರುವುದಿಲ್ಲ. ಈ ತೊಂದರೆ ಗೊತ್ತಿರುವವನು ಎರಡನೆಯ ಸಲ ಸರಿಸುವ ಗೋಜಿಗೇ ಹೋಗದೆ, ಇದ್ದ ಜಾಗಕ್ಕೆ ತನ್ನ ಕೈಯನ್ನೇ ಒಗ್ಗಿಸಿಕೊಳ್ಳುತ್ತಾನೆ. ಹಿತ್ತಾಳೆಯ ದೊಡ್ಡ ದೋಷ ಇದೇ. ದಾರದ ಗಂಟಿನ ಗುಣ ಬೇರೆ. ಎರಡು ಗೇಣು ಮೇಣದ ದಾರ ತೆಗೆದುಕೊಂಡು ಹೆದೆಯ ಸುತ್ತ ಮುಂದೊಂದು ಹಿಂದೊಂದು ಸಾದಾ ಗಂಟು ಹಾಕುತ್ತಾ, ಏಳೆಂಟು ಸುತ್ತು ಬಂದ ಮೇಲೆ ಜೋಡಿಗಂಟಿನಿಂದ ಮುಗಿಸಿ, ತುದಿಗಳನ್ನು ಕತ್ತರಿಸಿ ಬೆಂಕಿ ತೋರಿಸಿದರೆ ಗುರುತು ಸಿದ್ಧ. ಹೆದೆಯ ನಡುಭಾಗದ ರಕ್ಷಣೆಗೆ ಸುತ್ತಿರುವ ದಾರ, ಅಂದರೆ ಸರ್ವಿಂಗ್, ಒತ್ತೊತ್ತಾಗಿ ಸುರುಳಿ ಸುತ್ತಿಕೊಂಡಿರುವುದರಿಂದ ಅದರ ಮೈಮೇಲೆ ಸಣ್ಣ ಗೆರೆಗಳಿರುತ್ತವೆ. ಕಟ್ಟಿದ ಗಂಟು ಆ ಗೆರೆಗಳ ಮೇಲೆ ಬೋಲ್ಟಿನ ಮೇಲಿನ ನಟ್ಟಿನಂತೆ ತಿರುಗುತ್ತದೆ: ಒಂದು ಸುತ್ತು ತಿರುಗಿಸಿದರೆ ಒಂದು ಎಳೆಯ ದಪ್ಪದಷ್ಟು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಇಷ್ಟು ನಯವಾದ ಹೊಂದಾಣಿಕೆ ಹಿತ್ತಾಳೆಯಲ್ಲಿ ಸಾಧ್ಯವೇ ಇಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ಹನಿ ಅಂಟು ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಮೂರೂ ಬೆರಳು ಕೆಳಗಿಟ್ಟು ಸೆಳೆಯುವವರು ಬಾಣ ಕೆಳಗೆ ಜಾರದಂತೆ ಎರಡನೆಯ ಗಂಟನ್ನೂ ಕಟ್ಟಿಕೊಳ್ಳಬಹುದು. ಪೂರ್ತಿ ಸೆಳೆದಾಗ ಹೆದೆ ಕೋನವಾಗಿ ಮಡಿಯುವುದರಿಂದ ಎರಡು ಗಂಟುಗಳ ನಡುವೆ ಕಚ್ಚಿಗಿಂತ ತುಸು ಹೆಚ್ಚು ಜಾಗ ಬಿಟ್ಟರಾಯಿತು.

ಗಂಟಿಗೆ ಹೇಳಿದ್ದೇ ಅದನ್ನು ಅಳೆಯುವ, ಅದರಡಿಯ ದಾರ ಸುತ್ತುವ ಸಾಧನಗಳಿಗೂ ಸಲ್ಲುತ್ತದೆ. ಅಂಗಡಿಯ ಟಿ ಆಕಾರದ ಬೋ ಸ್ಕ್ವೇರ್ ನಿಖರ, ಮನೆಯಲ್ಲಿ ಮುರಿದ ಬಾಣದ ತುಂಡಿಗೆ ಅಳತೆಪಟ್ಟಿ ಅಂಟಿಸಿ ಮಾಡಿದ್ದು ಅಂದಾಜಿನದು ಎಂಬ ಆಕ್ಷೇಪ ಸಾಮಾನ್ಯ. ಆಕ್ಷೇಪಿಸುವವರು ಮರೆಯುವುದು, ಇಲ್ಲಿ ಬೇಕಾದದ್ದು ಮರಳಿ ಅದೇ ಜಾಗಕ್ಕೆ ಬರುವ ಭರವಸೆ. ಸರಿಯಾದ ಜಾಗವನ್ನು ಬೋಳು ಬಾಣ ಹೇಳಿಯಾಗಿದೆ. ಹೆದೆ ಬದಲಿಸಿದಾಗ ಅಲ್ಲಿಗೇ ಮರಳುವುದಷ್ಟೇ ಅಳತೆಗೋಲಿನ ಕೆಲಸ. ಗೋಲು ಒಂದು ಮಿಲಿಮೀಟರ್ ಸುಳ್ಳು ಹೇಳಿದರೂ ಪ್ರತಿಸಲ ಅದೇ ಸುಳ್ಳನ್ನು ಹೇಳಿದರೆ ನಷ್ಟವೇನೂ ಇಲ್ಲ. ಬೇರೊಬ್ಬರ ಅಳತೆಯೊಡನೆ ಹೋಲಿಸಬೇಕೆಂದರೆ ಮಾತ್ರ ಅಂಗಡಿಯ ಗೋಲು ಬೇಕು, ಆದರೆ ಬೇರೊಬ್ಬರ ಬಿಲ್ಲು, ಬಾಣ, ಬೆರಳುಗಳ ಅಳತೆ ನಮ್ಮ ಹೆದೆಗೆ ಒಗ್ಗುವುದು ಅಷ್ಟಕ್ಕಷ್ಟೆ. ಸರ್ವಿಂಗ್ ಸುತ್ತುವ ಸಾಧನವೂ ಹೀಗೆಯೇ. ಒಂದು ಮರದ ತುಂಡು, ಉದ್ದ ಬೋಲ್ಟು, ದಾರದ ರೀಲು, ಒಂದು ಸ್ಪ್ರಿಂಗು, ಕೈಯಲ್ಲೇ ತಿರುಗಿಸಬಲ್ಲ ರೆಕ್ಕೆಯ ನಟ್ಟು ಇದ್ದರೆ ಮುಗಿಯಿತು. ನಟ್ಟು ಬಿಗಿದಷ್ಟೂ ರೀಲು ಗಟ್ಟಿಯಾಗಿ ತಿರುಗುತ್ತದೆ, ದಾರ ಬಿಗಿಯಾಗಿ ಕೂರುತ್ತದೆ. ಸುತ್ತು ಮುಗಿದ ಮೇಲೆ ಬಾಣವನ್ನು ಹೆದೆಗೆ ತೂಗುಹಾಕಿ ನೋಡಬೇಕು: ತಾನಾಗಿ ಬೀಳಬಾರದು, ಹೆದೆಯನ್ನು ಬೆರಳಿನಿಂದ ತಟ್ಟಿದರೆ ಬೀಳಬೇಕು. ಬೀಳದಷ್ಟು ಬಿಗಿಯಾದರೆ ಬಾಣ ಸಲೀಸಾಗಿ ಬಿಟ್ಟುಕೊಳ್ಳದು. ತೀರಾ ಸಡಿಲವಾದರೆ ಬಾಣ ಕಳಚಿ, ಬರಿದಾದ ಹೆದೆ ಬಡಿದು ಬಿಲ್ಲೇ ಮುರಿಯಬಹುದು. ತನ್ನ ಬಾಣದ ಕಚ್ಚಿಗೆ ತಕ್ಕ ದಪ್ಪದ ದಾರ ಆರಿಸುವ ಸ್ವಾತಂತ್ರ್ಯ ತಾನೇ ಸುತ್ತಿಕೊಳ್ಳುವವನಿಗೆ ಮಾತ್ರ ಇದೆ.

ಇದಕ್ಕೆ ತೀರಾ ವಿರುದ್ಧ ದಿಕ್ಕಿನಿಂದ ಬರುವ ಮಾತೂ ಒಂದಿದೆ. ಸಂಪ್ರದಾಯವೆಂದ ಮೇಲೆ ಈ ಗಂಟು, ಗೋಲು, ರೀಲು ಏಕೆ, ಪಳಗಿದ ಬೆರಳಿಗೆ ಜಾಗ ತಾನಾಗಿ ತಿಳಿಯುತ್ತದೆ ಎನ್ನುವ ಮಡಿವಂತರ ಮಾತು. ಅವರಿಗೆ ಜಪಾನಿನ ಕ್ಯೂಡೊ ಉತ್ತರ ಕೊಡುತ್ತದೆ. 28 ಮೀಟರ್ ದೂರದ, 36 ಸೆಂಟಿಮೀಟರ್ ವ್ಯಾಸದ ಗುರಿಗೆ ಹೊಡೆಯುವ ಆ ಕಟ್ಟುನಿಟ್ಟಿನ ಪರಂಪರೆಯಲ್ಲಿ ಬಾಣ ಹೂಡುವ ಭಾಗವನ್ನು ನಕಾಜಿಕಾಕೆ ಎನ್ನುತ್ತಾರೆ. ಹೆದೆಗೆ ಅಂಟು ಸವರಿ, ಹೆಂಪ್ ನಾರನ್ನು ಸುತ್ತಿ, ದೋಹೋ ಎಂಬ ಎರಡು ಪುಟ್ಟ ಮರದ ಪಟ್ಟಿಗಳ ನಡುವೆ ಹೊಸೆದು, ಕಚ್ಚಿಗೆ ಸರಿಹೊಂದುವಷ್ಟು ದಪ್ಪ ಬರುವಂತೆ ಬಿಲ್ಲುಗಾರನೇ ಅದನ್ನು ತಯಾರಿಸುತ್ತಾನೆ. ಬಾಣವನ್ನು ಲಂಬಕ್ಕಿಂತ ಒಂದು ಬಾಣದ ದಪ್ಪದಷ್ಟು ಮೇಲೆ ಹೂಡುವುದು ಅಲ್ಲಿಯ ವಾಡಿಕೆ; ಅಳತೆಗೋಲಿನ ಕೆಲಸವನ್ನು ಬಾಣವೇ ಮಾಡುತ್ತದೆ. 145 ಮೀಟರ್ ದೂರಕ್ಕೆ ಹೊಡೆಯುವ ಕೊರಿಯಾದ ಬಿಲ್ಲುಗಾರರೂ ಹೆದೆಯ ನಡುವೆ ಜೋಲ್ಪಿ ಎಂಬ ದಾರದ ಸುತ್ತು ಹಾಕುತ್ತಾರೆ. ಪಳಗಿದ ಬೆರಳೇ ಸಾಕಾಗಿದ್ದರೆ ಶತಮಾನಗಳಿಂದ ಪಳಗಿದ ಈ ಕೈಗಳಿಗೆ ನಾರಿನ ಹಂಗು ಬೇಕಿರಲಿಲ್ಲ.

ಸ್ವಂತ ಕೈಕೆಲಸದ ಉತ್ಸಾಹಕ್ಕೆ ಒಂದು ಲಗಾಮು ಹಾಕಲೇಬೇಕು. ಹೆದೆಯ ಎಳೆಗಳ ವಿಷಯದಲ್ಲಿ ಜುಗ್ಗತನ, ಪ್ರಯೋಗ ಎರಡೂ ಸಲ್ಲವು. ಗಾಳಿಪಟದ ದಾರ, ಮೀನಿನ ಗಾಳದ ನೈಲಾನ್, ಹೊಲಿಗೆ ನೂಲು ಇವುಗಳಲ್ಲಿ ಕೆಲವು ಬೇಕಾದ್ದಕ್ಕಿಂತ ಹೆಚ್ಚು ಜಗ್ಗುತ್ತವೆ, ಕೆಲವು ಸುಳಿವು ಕೊಡದೆ ಹರಿಯುತ್ತವೆ. 45 ಪೌಂಡ್ ಆಸುಪಾಸಿನ ಬಿಲ್ಲಿಗೆ ಡಕ್ರಾನಿನ 12ರಿಂದ 14 ಎಳೆಗಳನ್ನು ಹಾಕುವ ರೂಢಿ ಇದೆ. ಅಷ್ಟು ಎಳೆಗಳು ಒಟ್ಟಾಗಿ ಬಿಲ್ಲಿನ ಸೆಳೆತದ ಹಲವು ಪಟ್ಟು ಭಾರ ತಡೆಯುತ್ತವೆ. ಅಷ್ಟೊಂದು ಅಂತರ ಬೇಕು, ಏಕೆಂದರೆ ಬಾಣ ಬಿಟ್ಟ ಗಳಿಗೆಯಲ್ಲಿ ಹೆದೆಗೆ ಬೀಳುವ ಪೆಟ್ಟು ಸೆಳೆಯುವಾಗಿನ ಭಾರಕ್ಕಿಂತ ಎಷ್ಟೋ ದೊಡ್ಡದು. ಜಗ್ಗದ ಹೊಸ ನಾರುಗಳು ವೇಗ ಕೊಡುತ್ತವೆಂದು ತುದಿ ಬಲಪಡಿಸದ ಹಳೆಯ ಬಿಲ್ಲಿಗೆ ಏರಿಸಿದರೆ ಆ ಪೆಟ್ಟನ್ನೆಲ್ಲ ಬಿಲ್ಲಿನ ತುದಿ ತಿನ್ನಬೇಕಾಗುತ್ತದೆ. ಹೆದೆಯನ್ನು ಮನೆಯಲ್ಲಿ ಹೊಸೆಯುವುದಕ್ಕೆ ಅಡ್ಡಿಯಿಲ್ಲ. ಎಳೆಗಳ ಉದ್ದ ಮೆಟ್ಟಿಲುಮೆಟ್ಟಿಲಾಗಿ ಬರುವಂತೆ ಮೊಳೆ ಹೊಡೆದ ಹಲಗೆಯೊಂದು ಸಾಕು, ಎಳೆಗಳ ತುದಿಯನ್ನೇ ಹೊಸೆದು ಕುಣಿಕೆ ಮಾಡುವ ಫ್ಲೆಮಿಶ್ ಹೆದೆಯಲ್ಲಿ ಆ ಕುಣಿಕೆ ಚೂಪಾಗಿ ಇಳಿಯುತ್ತದೆ. ಹಲಗೆ ಮನೆಯದಾಗಲಿ, ನಾರು ಮಾತ್ರ ಬಿಲ್ಲಿನ ಹೆದೆಗೆಂದೇ ತಯಾರಾದದ್ದಿರಲಿ. ಸೋತರೆ ಬಿಲ್ಲನ್ನೂ ಕಣ್ಣನ್ನೂ ಅಪಾಯಕ್ಕೆ ಒಡ್ಡುವುದು ನಾರು. ಗಂಟು ಸೋತರೆ ಹೋಗುವುದು ಎರಡು ಗೇಣು ದಾರ. ಅದಕ್ಕೆ ಚಪ್ಪಲಿ ಹೊಲಿಯುವವರ ಮೇಣದ ದಾರವಾದರೂ ನಡೆದೀತು.

ಹಿತ್ತಾಳೆಯ ಪರವಾಗಿ ಉಳಿಯುವುದು ವೇಗವೊಂದೇ: ಕ್ಷಣದಲ್ಲಿ ಕೂರುತ್ತದೆ, ಗಂಟು ಕಲಿಯುವ ತಾಪತ್ರಯವಿಲ್ಲ. ಹತ್ತಾರು ಮಕ್ಕಳಿಗೆ ಒಂದೇ ದಿನ ಬಿಲ್ಲು ಸಿದ್ಧಪಡಿಸಬೇಕಾದ ತರಬೇತುದಾರನಿಗೆ ಈ ಮಾತು ಒಪ್ಪುತ್ತದೆ. ಒಂದೇ ಬಿಲ್ಲನ್ನು ವರ್ಷಗಟ್ಟಲೆ ಬಳಸುವವನಿಗೆ ಒಪ್ಪುವುದಿಲ್ಲ, ಏಕೆಂದರೆ ಅವನು ಉಳಿಸಿದ ಹತ್ತು ನಿಮಿಷಕ್ಕೆ ತೆರುವ ಬೆಲೆ ಮುಂದಿನ ಹೊಂದಾಣಿಕೆಯನ್ನೆಲ್ಲ ಮುಂದೂಡುವುದು. ಬೆರಳಿನ ಚರ್ಮದ ಪಟ್ಟಿಗೆ ಲೋಹ ಉಜ್ಜಿ ಆಗುವ ಸವೆತ, ಹೆದೆಯ ನಡುವೆ ಸೇರುವ ಒಂದಿಷ್ಟು ಅನಗತ್ಯ ತೂಕ ಇವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ದಾರವೇ ಗೆಲ್ಲುತ್ತದೆ. ಹೊಸ ಬಿಲ್ಲು ಕೊಳ್ಳುವ ಯೋಚನೆಯಲ್ಲಿರುವವರು ಮೊದಲು ಈಗಿರುವ ಬಿಲ್ಲಿನ ಹಿತ್ತಾಳೆ ತೆಗೆದು, ಗಂಟು ಕಟ್ಟಿ, ಎರಡು ಬೋಳು ಬಾಣ ಹೊಡೆದು ನೋಡಲಿ. ಬಿಲ್ಲಿನ ತಲೆಗೆ ಕಟ್ಟಿದ್ದ ದೋಷಗಳಲ್ಲಿ ಎಷ್ಟು ಆ ಗಂಟಿನವೆಂದು ತಿಳಿದ ಮೇಲೆ ಅಂಗಡಿಗೆ ಹೋದರೂ ತಡವೇನಾಗದು.