ಪಂಪನ ಕರ್ಣ: ಹೆತ್ತವಳ ಮೊರೆ, ಒಡೆಯನ ಋಣ

ಕ್ರಿ. ಶ. 941ರಲ್ಲಿ ರಚಿತವಾದ ‘ವಿಕ್ರಮಾರ್ಜುನ ವಿಜಯ’ದ ನಾಯಕನು ಅರ್ಜುನ, ಆಶ್ರಯದಾತನಾದ ಅರಿಕೇಸರಿಯನ್ನೇ ಪಂಪನು ಅವನಲ್ಲಿ ಕಂಡಿದ್ದಾನೆ. ಆದರೂ ಓದುಗನ ಹೃದಯವು ಒಲಿಯುವುದು ಕರ್ಣನಿಗೆ. ಇದನ್ನು ಕಾವ್ಯದೋಷವೆನ್ನುವುದು ಸಲ್ಲದು. ಕೃಷ್ಣನಿಂದ ಜನ್ಮರಹಸ್ಯವನ್ನರಿತ ಮೇಲೂ, ಗಂಗಾತೀರದಲ್ಲಿ ಕುಂತಿಯು ಬೇಡಿದ ಮೇಲೂ ಕರ್ಣನು ದುರ್ಯೋಧನನನ್ನು ತೊರೆಯನು. ಹಾಗೆಂದು ತಾಯಿಯನ್ನು ಬರಿಗೈಯಲ್ಲಿ ಕಳುಹಿಸುವುದೂ ಇಲ್ಲ. ಅರ್ಜುನನೊಬ್ಬನನ್ನುಳಿದು ಮಿಕ್ಕ ತಮ್ಮಂದಿರನ್ನು ಕೊಲ್ಲೆನೆಂದು ಮಾತು ಕೊಡುತ್ತಾನೆ. ಒಂದು ಪಕ್ಷಕ್ಕೆ ದೇಹವನ್ನೂ ಇನ್ನೊಂದಕ್ಕೆ ಕರುಣೆಯನ್ನೂ ಇತ್ತವನಿಗೆ ಉಳಿಯುವುದು ಸಾವೊಂದೇ. ಋಣವೂ ರಕ್ತವೂ ಸತ್ಯವಾದಲ್ಲಿ ಧರ್ಮನಿರ್ಣಯವು ಗೆಲವಿನಿಂದಾಗದೆಂಬುದೇ ಇಲ್ಲಿನ ಕಾಣ್ಕೆ. ತೆಲುಗು ನೆಲದ ವೇಮುಲವಾಡದಲ್ಲಿದ್ದು ಬನವಾಸಿಯನ್ನು ಹಾಡಿದ ಕವಿಗೆ ಈ ಇಬ್ಬಗೆಯು ಅಪರಿಚಿತವಾಗಿರಲಾರದು. ಅನ್ನವನ್ನರಸಿ ಬಂದು ಸಾಂತಾಕ್ರೂಜಿನಲ್ಲಿ ನೆಲಸಿ, ಹುಟ್ಟೂರಿನ ಕರೆಗೆ ಓಗೊಡಲಾರದ ಕನ್ನಡಿಗನೂ ಕರ್ಣನನ್ನು ಹೆರವನೆಂದು ಎಣಿಸಲಾರನು.