ಸುರಭಿಯ ಮಾಯೆಯೂ ಸುರಭಿಯ ಕಂಠವೂ

ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನ ಲಲಿತ ಕಲಾ ತೋರಣದಲ್ಲಿ ಸುರಭಿ ನಾಟಕ ಕಂಪನಿಯವರ ‘ಮಾಯಾಬಜಾರ್’ ನೋಡಿ ಬಂದವರನ್ನು ಮಾತಾಡಿಸಿ. ಗಾಳಿಯಲ್ಲಿ ಹಾರಿದ ಪಾತ್ರ, ಎದುರುಬದುರಾಗಿ ಕಿಡಿ ಕಾರಿದ ಬಾಣ, ರೆಪ್ಪೆ ಮಿಟುಕಿಸುವುದರೊಳಗೆ ಬದಲಾದ ಪರದೆ, ಎಲ್ಲವನ್ನೂ ವರ್ಣಿಸುತ್ತಾರೆ. ಶಶಿರೇಖೆ ಹೇಗೆ ಹಾಡಿದಳು ಎಂದರೆ ಮಾತು ನಿಲ್ಲುತ್ತದೆ. ಅವರನ್ನು ದೂರುವಂತಿಲ್ಲ, ನಾಟಕವೇ ಅವರ ಕಣ್ಣನ್ನು ಆ ಕಡೆ ಎಳೆದಿರುತ್ತದೆ.

1885ರಲ್ಲಿ ಕಡಪ ಜಿಲ್ಲೆಯ ಸುರಭಿ ಗ್ರಾಮದಲ್ಲಿ ವನಾರಸ ಮನೆತನದವರು ‘ಕೀಚಕ ವಧೆ’ ಆಡಿ ಆರಂಭಿಸಿದ ಈ ಪರಂಪರೆ ಮೊದಲು ಹೀಗಿರಲಿಲ್ಲ. ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಇಲ್ಲಿ ಮನೆಯ ಹೆಣ್ಣುಮಕ್ಕಳೇ ಬಣ್ಣ ಹಚ್ಚಿ ಹಾಡಿದರು. ಆ ಬಳಗದ ಕಮಲಾಬಾಯಿಯವರನ್ನು ಎಚ್.ಎಂ. ರೆಡ್ಡಿ 1932ರ ‘ಭಕ್ತ ಪ್ರಹ್ಲಾದ’ ಸಿನಿಮಾದಲ್ಲಿ ಲೀಲಾವತಿ ಮಾಡಿದರು. ನಟಿಯೇ ಹಾಡಬೇಕಿದ್ದ ಕಾಲ. ಪಳಗಿದ ಕಂಠಕ್ಕಾಗಿ ಸಿನಿಮಾ ನಾಟಕ ಕಂಪನಿಯ ಬಾಗಿಲಿಗೇ ಬರಬೇಕಿತ್ತು. ಹಿನ್ನೆಲೆ ಗಾಯನ ಬಂದದ್ದೇ ಆ ಅಗತ್ಯ ತಪ್ಪಿತು. ಸಿನಿಮಾದ ಜೊತೆ ಪೈಪೋಟಿಗೆ ಬಿದ್ದ ರಂಗಭೂಮಿ ಟ್ರಿಕ್ ಸೀನುಗಳನ್ನು ನೆಚ್ಚಿತು. ನಮ್ಮ ಗುಬ್ಬಿ ಕಂಪನಿಯೂ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆ ತಂದದ್ದೇ ಅಲ್ಲವೇ!

ಹಾಗಾದರೆ ವೈಭವ ಬಂದರೆ ಕಂಠ ಸೋಲಲೇಬೇಕೇ? ಫಿನ್‌ಲೆಂಡಿನ ಐನೊ ಆಕ್ಟೆ ಹೆಸರಾಂತ ಅಪೆರಾ ಗಾಯಕಿ. ಸ್ಟ್ರಾಸ್‌ನ ‘ಸಲೋಮೆ’ಯನ್ನು 1910ರಲ್ಲಿ ಲಂಡನ್ನಿನಲ್ಲಿ ಹಾಡಿದವರು, 1912ರಲ್ಲಿ ಸವೊನ್ಲಿನ್ನಾದ ಹಳೆಯ ಕೋಟೆಯೊಳಗೆ ಅಪೆರಾ ಉತ್ಸವ ಶುರುಮಾಡಿದರು. ಅಲ್ಲಿ ಕೋಟೆಯೇ ಒಂದು ವೈಭವ. ಆದರೂ ಜನ ಇಂದಿಗೂ ಹೋಗುವುದು ಕಂಠ ಕೇಳಲು. ವೈಭವದಿಂದ ದನಿಗೆ ಕೇಡಾಗಲೇಬೇಕೆಂದಿಲ್ಲ.

ಸುರಭಿಯಲ್ಲಿ ಇದನ್ನು ಕಂಡುಕೊಂಡವರು ರಂಗನಿರ್ದೇಶಕ ಬಿ.ವಿ. ಕಾರಂತರು. ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದ್ದ ಅವರಿಗೆ ಪರದೆಯ ಹಿಂದಿನ ಗುಟ್ಟೆಲ್ಲ ಗೊತ್ತಿತ್ತು. ಸುರಭಿಯ ಕಲಾವಿದರಿಗೆ ‘ಭೀಷ್ಮ’, ‘ಚಂಡಿಪ್ರಿಯ’ ಮಾಡಿಸಿದರು. ಬ್ರೆಕ್ಟ್‌ನ ನಾಟಕವನ್ನು ‘ಬಸ್ತಿ ದೇವತ ಯಾದಮ್ಮ’ ಆಗಿಸಿದರು. ಪುರಾಣದ ಚೌಕಟ್ಟು ಬಿಟ್ಟರೂ ಈ ನಟರು ನಿಲ್ಲಬಲ್ಲರು ಎಂಬುದಕ್ಕೆ ಇದು ಸಾಕ್ಷಿ. ಆದರೆ ಜನ ಟಿಕೆಟ್ ಕೊಳ್ಳುವುದು ಈಗಲೂ ‘ಮಾಯಾಬಜಾರ್’, ‘ಪಾತಾಳ ಭೈರವಿ’ಗಳಿಗೆ. ಹೊಟ್ಟೆಪಾಡಿನ ಕಂಪನಿಯನ್ನು ಅದಕ್ಕಾಗಿ ಬೈಯುವುದು ತರವಲ್ಲ.

ಸುರಭಿಯ ಆರ್. ನಾಗೇಶ್ವರರಾವ್ ‘ಬಾಬ್ಜಿ’ಯವರಿಗೆ 2013ರಲ್ಲಿ ಪದ್ಮಶ್ರೀ ಬಂತು, ಯೋಗ್ಯರಿಗೇ ಸಂದ ಗೌರವ. ಇನ್ನು ಮುಂದೆ ಸರ್ಕಾರವೋ ಅಕಾಡೆಮಿಯೋ ಸುರಭಿಗೆ ದುಡ್ಡು ಕೊಡುವುದಾದರೆ ಹೊಸ ಪರದೆಗೆ ಬೇಡ. ಅಲ್ಲಿನ ಮಕ್ಕಳಿಗೆ ದಿನವೂ ಪಾಠ ಹೇಳುವ ಒಬ್ಬ ಸಂಗೀತ ಮೇಷ್ಟರ ಸಂಬಳಕ್ಕೆ ಕೊಡಲಿ.