ಮನೆಯ ಸಾಬೂನು ಮತ್ತು ಗಡಸು ನೀರು

ಪೇಟೆಯ ಸಾಬೂನನ್ನು ತೊರೆದು, ಎಣ್ಣೆ ಕಾಯಿಸುವುದರಿಂದ ಮೊದಲ್ಗೊಂಡು ಅಚ್ಚಿಗೆ ಹೊಯ್ಯುವವರೆಗೆ ಸಕಲವನ್ನೂ ಮನೆಯಲ್ಲಿಯೇ ಮಾಡಿಕೊಳ್ಳಬೇಕೆಂಬ ಉತ್ಸಾಹವು ಅನೇಕ ಗೃಹಸ್ಥರಲ್ಲಿ ಅಂಕುರಿಸಿರುವುದು ಸಂತೋಷದ ವಿಷಯವೇ ಆದರೂ, ಆ ಸಾಬೂನಿನ ಯೋಗ್ಯತೆಯನ್ನು ಅಳೆಯಬೇಕಾದುದು ಆಯಾ ಸೀಮೆಯ ನೀರಿನಲ್ಲಿಯೇ ಹೊರತು ಬಣ್ಣದಲ್ಲಿಯೋ ಪರಿಮಳದಲ್ಲಿಯೋ ಅಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಜೋಗಿಮಟ್ಟಿ ಬೆಟ್ಟದ ಸುತ್ತಲಿನ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನೆಲವು ಈ ಪರೀಕ್ಷೆಗೆ ಬಹು ಕಠಿಣವಾದುದು. ಇಲ್ಲಿ ಮಳೆ ಕಡಮೆ. ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಪದರವೇ ಅದಕ್ಕೆ ಸಾಕ್ಷಿ.

‘ರಾಸಾಯನಿಕವಿಲ್ಲದ ಸಾಬೂನು’ ಎಂದು ಕೆಲವರು ತಮ್ಮ ಕೃತಿಯನ್ನು ಹೊಗಳಿಕೊಳ್ಳುವರು. ಈ ಮಾತನ್ನು ಒಪ್ಪಲಾಗದು. ಎಣ್ಣೆಯೂ ಕ್ಷಾರವೂ ಕೂಡಿದಲ್ಲದೆ ಸಾಬೂನು ಹುಟ್ಟದು. ಒಂದು ಕಿಲೋ ಕೊಬ್ಬರಿ ಎಣ್ಣೆಯು ಪೂರ್ಣವಾಗಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟೇ ಕಡಲೆಕಾಯಿ ಎಣ್ಣೆಗೆ ಸುಮಾರು 136 ಗ್ರಾಂ ಸಾಕು. ಆದುದರಿಂದ ಇಲ್ಲಿ ಲೋಟದ ಅಳತೆ ಸಲ್ಲದು, ತಕ್ಕಡಿಯೇ ಬೇಕು. ವಿವೇಕಿಗಳು ಕ್ಷಾರವನ್ನು ನೂರಕ್ಕೆ ಐದರಷ್ಟು ಕಡಮೆಯಾಗಿಯೇ ಬೆರೆಸುವರು. ಸೋಡಾವನ್ನು ನೀರಿಗೆ ಹಾಕಬೇಕಲ್ಲದೆ ಸೋಡಾದ ಮೇಲೆ ನೀರನ್ನು ಹೊಯ್ಯಬಾರದು. ಅಲ್ಯುಮಿನಿಯಂ ಪಾತ್ರೆಯನ್ನಂತೂ ಅದು ತಿಂದೇಬಿಡುತ್ತದೆ. ಸೌದೆಯ ಬೂದಿಯಿಂದ ಕ್ಷಾರವನ್ನು ಇಳಿಸುವ ವಿದ್ಯೆ ನಮಗೆ ಹೊಸದಲ್ಲ, ಸುಶ್ರುತಸಂಹಿತೆಯಲ್ಲಿಯೇ ಅದರ ವಿವರಣೆಯಿದೆ; ಆದರೆ ಬೂದಿಯಲ್ಲಿ ಪೊಟ್ಯಾಸಿಯಮ್ಮೇ ಪ್ರಧಾನವಾದುದರಿಂದ ದೊರೆಯುವುದು ಮೆತ್ತನೆಯ ಸಾಬೂನು, ಗಟ್ಟಿ ಬಿಲ್ಲೆಯಲ್ಲ.

ಈ ಕ್ಷಾರದ ಪ್ರಭಾವವನ್ನು ಕಣ್ಣಾರೆ ಕಾಣಬೇಕಾದರೆ ಅರಿಶಿನ ಬೆರೆಸುವ ಗಳಿಗೆಯನ್ನು ನೋಡಬೇಕು. ಕಡೆಯುತ್ತಿರುವ ದ್ರವವು ಪಾಯಸದಂತೆ ಮಂದವಾಗಿ, ಸೌಟಿನಿಂದ ಬಿದ್ದ ಹನಿಯು ಮೇಲ್ಮೈಯಲ್ಲಿ ಗೆರೆಯಾಗಿ ನಿಂತೊಡನೆ ಚಿಟಿಕೆ ಅರಿಶಿನವನ್ನು ಹಾಕಿದರೆ, ಆರತಿಯ ತಟ್ಟೆಯಲ್ಲಿ ಸುಣ್ಣ ಸೋಕಿ ಓಕುಳಿಯಾಗುವ ಹಾಗೆಯೇ ಅದು ಕೆಂಪೇರುತ್ತದೆ. ತುಳಸಿಯ ಹಸುರೂ ಗುಲಾಬಿಯ ಎಸಳೂ ಇದೇ ಕ್ಷಾರದಲ್ಲಿ ಕಂದುತ್ತವೆ. ಇಂಥ ಅಲಂಕಾರಗಳಿಗೆ ವ್ಯಯಿಸುವ ಶ್ರಮವನ್ನು ಎಣ್ಣೆಯ ಆಯ್ಕೆಗೆ ವಿನಿಯೋಗಿಸುವುದು ಮೇಲು.

ಆ ಆಯ್ಕೆಯಲ್ಲಿಯೇ ನಮ್ಮವರು ಎಡವುತ್ತಿದ್ದಾರೆ. ಮೆಡಿಟರೇನಿಯನ್ ತೀರದ ಆಲಿವ್ ಎಣ್ಣೆಯನ್ನು ದುಬಾರಿ ಬೆಲೆಗೆ ಕೊಂಡು ತಂದು, ತೆಂಗಿನ ತೋಟಗಳ ನಡುವೆ ಕುಳಿತು ಸಾಬೂನು ಮಾಡುವುದರಲ್ಲಿ ಔಚಿತ್ಯವಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಡನೆ ಕೂಡಿ ಜಿಗುಟಾದ ಗಷ್ಟಾಗುತ್ತವೆಯಾಗಿ ನೊರೆ ಏಳುವುದಿಲ್ಲ. ಕೊಬ್ಬರಿ ಎಣ್ಣೆಯ ಸಾಬೂನಾದರೋ ಸಮುದ್ರದ ನೀರಿನಲ್ಲಿಯೂ ನೊರೆಗೊಡುವಂಥದು. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಗಳ ತೆಂಗಿಗೆ ಇದಕ್ಕಿಂತ ಸಾರ್ಥಕವಾದ ಗೃಹೋಪಯೋಗವು ಅಪರೂಪ. ಅದೊಂದರಿಂದಲೇ ಮಾಡಿದ ಸಾಬೂನು ಚರ್ಮವನ್ನು ಒಣಗಿಸುವುದೆಂಬ ದೋಷ ನಿಜ. ಎಣ್ಣೆಯ ಒಂದಂಶವನ್ನು ಕ್ಷಾರಕ್ಕೆ ಸಿಗದಂತೆ ಉಳಿಸಿ, ತುಸು ಹರಳೆಣ್ಣೆ ಬೆರೆಸಿದರೆ ಅದು ಬಹುಪಾಲು ಪರಿಹಾರವಾಗುತ್ತದೆ. ಚಳ್ಳಕೆರೆಯ ಗಾಣಗಳ ಕಡಲೆಕಾಯಿ ಎಣ್ಣೆಯು ಮೆದುವಾದ, ನೊರೆ ಕಡಮೆಯಾದ ಬಿಲ್ಲೆಯನ್ನು ಕೊಡುತ್ತದೆ. ಹೊಂಗೆಯ ಎಣ್ಣೆಯ ಕಟುವಾಸನೆ ಬಟ್ಟೆಯ ಸಾಬೂನಿಗೆ ಸಹ್ಯ, ಮೈಗಲ್ಲ.

ಬೆಂಗಳೂರಿನಲ್ಲಿ 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯನ್ನು ಸ್ಥಾಪಿಸಿದವರು, ವಿದ್ಯೆ ಎಲ್ಲಿಯದಾದರೂ ಎಣ್ಣೆ ನಮ್ಮ ನೆಲದ್ದೇ ಆಗಿರಲೆಂಬ ಇದೇ ಸೂತ್ರವನ್ನು ಹಿಡಿದಿದ್ದರು. ಆ ಕಾರ್ಖಾನೆಗಾಗಿ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಾಬೂನಿನ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದರು. ಗಂಧದೆಣ್ಣೆ ಮಾತ್ರ ಮೈಸೂರಿನದೇ ಆಗಿತ್ತು.

ಮನೆಯ ಸಾಬೂನಿನ ನಿಜವಾದ ಹಿರಿಮೆಯು ಅದರಲ್ಲಿ ಉಳಿದುಕೊಳ್ಳುವ ಗ್ಲಿಸರಿನ್. ದೊಡ್ಡ ಕಾರ್ಖಾನೆಗಳು ಸಾಮಾನ್ಯವಾಗಿ ಅದನ್ನು ಬೇರ್ಪಡಿಸಿ ಬೇರೆಯಾಗಿ ಮಾರುತ್ತವೆ. ಈ ಹಿರಿಮೆಯು ಬೇಕೆನ್ನುವವರು ಬಿಲ್ಲೆಗಳನ್ನು ಗಾಳಿಯಾಡುವೆಡೆ ನಾಲ್ಕರಿಂದ ಆರು ವಾರ ಆರಲು ಬಿಡುವ ಸಹನೆಯನ್ನೂ ತಂದುಕೊಳ್ಳಬೇಕು.

ಆದರೆ ತಲೆಗೂದಲಿಗೆ ಈ ಸಾಬೂನನ್ನು ನಾನು ಶಿಫಾರಸು ಮಾಡಲಾರೆ. ಗಡಸು ನೀರಿನ ಗಷ್ಟು ಕೂದಲಿಗಂಟಿ ಜಿಡ್ಡಾಗುತ್ತದೆ. ಜೋಗಿಮಟ್ಟಿಯ ಕುರುಚಲು ಕಾಡಿನ ತುಗ್ಗಲಿಯ ಎಲೆ, ಸೀಗೆಕಾಯಿ, ಅಂಟುವಾಳಗಳ ನೊರೆಯು ಎಣ್ಣೆಯ ಸಾಬೂನಿನ ಜಾತಿಯದಲ್ಲವಾಗಿ, ಗಡಸು ನೀರಿನಲ್ಲಿಯೂ ಹಾಗೆ ಗಷ್ಟು ಕಟ್ಟುವುದಿಲ್ಲ. ಮೈಗೆ ಕೊಬ್ಬರಿ ಎಣ್ಣೆಯ ಸಾಬೂನನ್ನು ಮಾಡಿಕೊಂಡವರು ತಲೆಗೆ ಇವುಗಳ ಪುಡಿಯನ್ನೇ ಇಟ್ಟುಕೊಳ್ಳಲಿ.